ಕೆಂಪು ಶಾಯಿಯ ಗೆರೆ

ಸಾಗರದ ನಮ್ಮ ಕಾಲೇಜಿನಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆ ನಡೆದ ವರ್ಷ, ಬಂದವರ ಹೆಸರು ನೋಂದಾಯಿಸುವ ನಮ್ಮ ಐದು ಜನರ ತಂಡಕ್ಕೆ ಫೈನಲ್ ಇಯರಿನ ಅಕ್ಕ ಒಬ್ಬರು ಲೀಡರ್. ಪೆನ್ಸಿಲನ್ನು ಜಡೆಗೆ ಸಿಕ್ಕಿಸಿಕೊಂಡು ಕೋಣೆಯೆಲ್ಲ ಅದನ್ನೇ ಹುಡುಕುವವರು. ಫಾರಂ, ಕಾರ್ಡು, ರಿಜಿಸ್ಟರು, ನಾವು ಏನು ಮಾಡಿ ತೋರಿಸಿದರೂ ಅವರದು ಒಂದೇ ಮಾತು: "ಬರೋರ ಕಡೆ ನಿಂತು ನೋಡ್ರೋ."

ಸ್ಪರ್ಧೆಯ ಹಿಂದಿನ ದಿನ ತಾವೇ ಒಂದು ಕೈಲಿ ಚೀಲ, ಇನ್ನೊಂದರಲ್ಲಿ ಕೊಡೆ ಹಿಡಿದು ನಮ್ಮ ಮೇಜಿನ ಮುಂದೆ ಬಂದು ನಿಂತರು. "ಫಾರಂ ಯಾವ ಕೈಲಿ ತುಂಬ್ಲಿ?" ನಾವು ಓಡಿಹೋಗಿ ಒಂದು ಬೆಂಚು ತಂದೆವು.

ಸ್ಪರ್ಧೆಯ ದಿನ ಹೆಸರು ಕೊಡಲು ಬೆಳಿಗ್ಗೆ ಹತ್ತು ಗಂಟೆ ಗಡುವು. ಗಂಟೆ ಹೊಡೆದದ್ದೇ ತಡ, ನಾನು ರಿಜಿಸ್ಟರಿನ ಕೊನೆಯ ಹೆಸರಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಅರ್ಧ ಗಂಟೆಯ ಮೇಲೆ ಹೊಸನಗರದ ಇಬ್ಬರು ಹುಡುಗಿಯರು ಏದುಸಿರು ಬಿಡುತ್ತ ಬಂದರು.

"ಬಸ್ಸು ಕೆಟ್ಟಿತ್ತು ಸಾರ್, ಎಲ್ರೂ ಇಳಿದು ತಳ್ಳಿದ್ವಿ," ಎಂದಳು ಒಬ್ಬಳು.

ಜೀವಮಾನದಲ್ಲಿ ಮೊದಲ ಸಲ ಸಾರ್ ಅನ್ನಿಸಿಕೊಂಡ ನಾನು "ಟೈಮ್ ಮುಗೀತು" ಎಂದೆ.

ಅಕ್ಕ ಬೈಯಲಿಲ್ಲ. ನನ್ನ ಮೊಣಕೈ ಹಿಡಿದು ಎಬ್ಬಿಸಿ, ಆ ಹುಡುಗಿಯರ ಪಕ್ಕದಲ್ಲಿ ನಿಲ್ಲಿಸಿದರು. "ಚರ್ಚೆ ಶುರುವಾಗೋದು ಹನ್ನೊಂದಕ್ಕೆ. ಈಗ ಹೇಳು, ಇಲ್ಲಿಂದ ಎಂತ ಕಾಣ್ತದೆ?"

ಅವರ ಲಂಗದ ಅಂಚಿಗೆಲ್ಲ ಕೆಸರು. ರಿಜಿಸ್ಟರಿನಲ್ಲಿ ಗೆರೆಯ ಕೆಳಗೆ ಅರ್ಧ ಪುಟ ಖಾಲಿ. ನಾನೇ ಅದನ್ನು ಅವರ ಕಡೆ ತಿರುಗಿಸಿ ಕೊಟ್ಟೆ.

ಸಂಜೆ ಅಕ್ಕ ನನ್ನ ಆ ಕೆಂಪು ಶಾಯಿಯ ಪೆನ್ನು ಕೇಳಿ ತೆಗೆದುಕೊಂಡರು. ಮರುದಿನ ಹಿಂದಕ್ಕೆ ಕೊಡುತ್ತ "ಮುಂದಿನ ವರ್ಷ ಲೀಡರ್ ನೀನೇ ಕಣೋ" ಎಂದರು. ಮನೆಗೆ ಹೋಗಿ ಬರೆದು ನೋಡಿದೆ. ಪೆನ್ನನ್ನು ಚೆನ್ನಾಗಿ ತೊಳೆದು ನೀಲಿ ಶಾಯಿ ತುಂಬಿದ್ದರು.