ಬೆನ್ನಿಗೇ ಗುಡಿಸಿದ ಅಂಗಳ

೧೯೬೫ರ ಆಗಸ್ಟ್. ರಜ ಮುಗಿಯೋ ಹಿಂದಿನ ದಿನ ಚಿಕ್ಕಬೈರಪ್ಪ ಕತ್ರಿಗುಪ್ಪೆಯ ಮನೆ ಮುಂದೆ ಹೀರೆಬಳ್ಳಿಗೆ ಚಪ್ಪರ ಹಾಕುತ್ತಿದ್ದ.

"ಸುಬೇದಾರ್ರೇ, ಬಳ್ಳಿಗೂ ಪರೇಡಾ?" ಅಂತ ಹೆಂಡತಿ ಅಕ್ಕಯಮ್ಮ ರೇಗಿಸಿದಳು.

"ನೀನೊಬ್ಬಳೇ ಕಣೇ ನನ್ನ ಮಾತು ಕೇಳದೋಳು."

ಸಿಪಾಯಿಯಾಗಿ ಸೇರಿದವನು, ಗಾಯಗೊಂಡ ಇಬ್ಬರನ್ನ ಗುಂಡಿನ ನಡುವೆ ಹೊತ್ತು ತಂದು ಪದಕ ಪಡೆದು, ಸುಬೇದಾರನಾಗಿದ್ದ.

ಮಾರನೇ ಬೆಳಿಗ್ಗೆ ಹೊರಟ. ಹೋದವರ ಬೆನ್ನಿಗೇ ಕಸ ಗುಡಿಸಬಾರದು ಅಂತ ಅವಳಿಗೆ ಗೊತ್ತಿತ್ತು. ಆದರೂ ಸುಮ್ಮನೆ ಕೂರಲಾರದೆ ಗುಡಿಸಿಬಿಟ್ಟಳು. ಅವನ ಬೂಟಿನ ಗುರುತೆಲ್ಲ ಅಳಿಸಿಹೋಯ್ತು.

ತಿಂಗಳೊಳಗೆ ತಂತಿ ಬಂತು, ಯುದ್ಧದಲ್ಲಿ ಸತ್ತ ಅಂತ.

"ಹೊಡೆದಿದ್ದು ಗುಂಡು. ನಿನ್ನ ಪೊರಕೆ ಏನ್ಮಾಡ್ತು?" ಅಂದರು ಅತ್ತೆ. ಅಕ್ಕಯಮ್ಮನಿಗೆ ಸಮಾಧಾನವಾಗಲಿಲ್ಲ.

ಇವತ್ತಿಗೂ ಎದ್ದ ಕೂಡಲೇ ಅಂಗಳ ಗುಡಿಸುತ್ತಾಳೆ. ಬಾಗಿಲಿಂದ ಬೇಲಿವರೆಗೆ ಅವನು ನಡೆದುಹೋದ ಜಾಗಕ್ಕೆ ಮಾತ್ರ ಪೊರಕೆ ತಾಗಿಸೋದಿಲ್ಲ.