ಸುಳ್ಳು ಹೇಳಲು ಬಾರದ ರೋಬೋ

ಸಿರುಗುಪ್ಪದ ನಮ್ಮ ಪ್ರೌಢಶಾಲೆಯಲ್ಲಿ ನೀತಿಪಾಠದ ಪೀರಿಯಡ್ ಮೊದಲಿನಿಂದಲೂ ನನ್ನದು. ಸತ್ಯ, ಪ್ರಾಮಾಣಿಕತೆ ಎಂದು ನಾನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನವರು ಆಕಳಿಸುತ್ತಿದ್ದರು. ನಾನು ಬಳ್ಳಾರಿಗೆ ತರಬೇತಿಗೆ ಹೋಗಿದ್ದಾಗ, ಕುರುಗೋಡಿನಿಂದ ವರ್ಗವಾಗಿ ಬಂದ ವಿಜ್ಞಾನದ ಶಿಕ್ಷಕಿ ಆ ಪೀರಿಯಡ್ ತೆಗೆದುಕೊಂಡರು. ವಾಪಸು ಬಂದಾಗ ಮಕ್ಕಳು ಕೇಳಿದ್ದು ಒಂದೇ: "ಸಾರ್, ಇವತ್ತು ಟೀಚರ್ ಬರಂಗಿಲ್ಲೇನ್ರಿ? ರೋಬೋ ಕಥಿ ಅರ್ಧಕ್ಕ ನಿಂತೈತಿ."

ನನಗೆ ಹೊಟ್ಟೆಕಿಚ್ಚಾಯಿತು. ಮುಖ್ಯೋಪಾಧ್ಯಾಯರು ಹೇಳಿದ್ದಕ್ಕೆ ಪೀರಿಯಡ್ ಬಿಟ್ಟುಕೊಟ್ಟೆ. ಕಿಟಕಿಯ ಹೊರಗೆ ನಿಂತು ಕೇಳಿಸಿಕೊಂಡೆ.

ದೂರದ ಒಂದು ಗ್ರಹ. ಅಲ್ಲಿ ಕಾಲುವೆಯ ತೂಬು ಕಾಯುವುದು ಒಂದು ರೋಬೋ. ನೀರಿದ್ದರೂ ಕೆಳಗಿನ ಹೊಲದವರಿಗೆ ಇಲ್ಲವೆಂದು ಹೇಳು ಎಂದು ಮಾಲೀಕ ಅದಕ್ಕೆ ಆಜ್ಞೆ ಮಾಡುತ್ತಾನೆ. ರೋಬೋಗೆ ಸುಳ್ಳು ಹೇಳಲು ಬರುವುದಿಲ್ಲ, ಮಾಲೀಕನ ಮಾತು ಮೀರಲೂ ಬರುವುದಿಲ್ಲ. "ಈಗ ಅದು ಏನ್ ಮಾಡ್ಬೇಕು, ಹೇಳ್ರಿ" ಎಂದು ಶಿಕ್ಷಕಿ ಮಕ್ಕಳನ್ನೇ ಕೇಳಿದರು. ತರಗತಿ ಸಂತೆಯಾಯಿತು. ನನ್ನೆದುರು ಎಂದೂ ಬಾಯಿ ಬಿಡದ ಹುಡುಗಿಯೊಬ್ಬಳು ಎದ್ದು ನಿಂತು ವಾದಕ್ಕಿಳಿದಳು.

ಮರುವಾರ ಒಂದು ದಿನದ ಮಟ್ಟಿಗೆ ಪೀರಿಯಡ್ ಕೇಳಿ ಪಡೆದು ನಾನೂ ಒಂದು ರೋಬೋ ಕಥೆ ಕಟ್ಟಿಕೊಂಡು ಹೋದೆ. ನಡುವೆಯೇ ಒಬ್ಬ ಎದ್ದ: "ಸಾರ್, ನಿಮ್ಮ ರೋಬೋ ನಿಮ್ಮಂಗ ಭಾಷಣ ಮಾಡ್ತೈತ್ರಿ." ಎಲ್ಲರೂ ನಕ್ಕರು.

ಅದಾದ ಕೆಲವೇ ದಿನಕ್ಕೆ ಆ ಹುಡುಗಿಯ ತಂದೆ ಬೈಕಿನಲ್ಲಿ ಶಾಲೆಗೆ ಬಂದರು. ಕಾಲುವೆಯ ಪಕ್ಕದಲ್ಲೇ ಭತ್ತದ ಗದ್ದೆ ಇರುವವರು. "ರೋಬೋ ಕಥಿ ಹೇಳಿದೋರು ಯಾರ್ರೀ?" ಎಂದರು. ಮುಖ ಬಿಗಿದಿತ್ತು. ಜಗಳಕ್ಕೇ ಬಂದಿದ್ದಾರೆಂದು ನನಗೆ ಒಳಗೊಳಗೇ ಖುಷಿ. ಶಿಕ್ಷಕಿಯ ಹತ್ತಿರ ನಾನೇ ಕರೆದುಕೊಂಡು ಹೋದೆ.

"ಕಾಲುವಿಗೆ ಮೋಟರ್ ಹಚ್ಚಾಕ ಹೋದ್ರ, ಕೆಳಗಿನ ಹೊಲದೋರಿಗೆ ನೀರ್ ಸಿಗಂಗಿಲ್ಲ ಅಂತ ಮಗಳು ಮಾತು ಬಿಟ್ಟಾಳ್ರಿ ಟೀಚರ್. ನೀನೂ ಆ ಮಾಲಕನಂಗ ಆದೇನಪ್ಪಾ ಅಂತಾಳ. ಕಡೀಕ ಆ ರೋಬೋ ಏನ್ ಮಾಡ್ತು?"

"ಕಡೀದು ನಾನೂ ಕಟ್ಟಿಲ್ರಿ. ನಿಮ್ಮ ಮಗಳನ್ನ ಕೇಳ್ರಿ, ಆಕೀನ ಹೇಳ್ತಾಳ."

ಅವರು ಮಗಳನ್ನು ಹಿಂದೆ ಕೂರಿಸಿಕೊಂಡು ಹೊರಟರು. ಗೇಟು ದಾಟುವಾಗಲೇ ಇಬ್ಬರಿಗೂ ಮಾತು ಶುರುವಾಗಿತ್ತು. ಇಷ್ಟು ವರ್ಷ ನಾನು ಮಾಡಿದ ಪಾಠಕ್ಕೆ ಒಬ್ಬ ತಂದೆಯೂ ಹೀಗೆ ಶಾಲೆಯ ತನಕ ಬಂದಿರಲಿಲ್ಲ.

ಸಂಜೆ ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದ ಶಿಕ್ಷಕಿಯನ್ನು ಕೇಳಿದೆ: "ಮುಂದಿನ ಕಥಿಗೆ ನಾನೂ ಬಂದು ಕುಂದ್ರಬೋದೇನ್ರಿ?"

"ಬರ್ರಿ ಸಾರ್, ಅದಕ್ಯಾಕ ಕೇಳ್ತೀರಿ?"

ಹೋಗಿ ಕೂತೆ. ಹೊಟ್ಟೆಕಿಚ್ಚೇನೂ ಕಡಿಮೆಯಾಗಿರಲಿಲ್ಲ. ಕಥೆ ಮಾತ್ರ ಚೆನ್ನಾಗಿತ್ತು.