ಹಲ್ಲು ಕತ್ತರಿಸಿದ ಸ್ಟಾಂಪುಗಳು

ಅಣ್ಣ ಕೊನೆಯ ಸಲ ಮನೆಗೆ ಬಂದ ಭಾನುವಾರ ಬೇರೆ ಭಾನುವಾರಗಳ ಹಾಗೆಯೇ ಇತ್ತು. ಹನ್ನೊಂದು ಗಂಟೆಯ ಬಸ್ಸಿನಿಂದ ಕಾಪುವಿನಲ್ಲಿ ಇಳಿದು, ಅಮ್ಮನಿಗೆ ವೀಳ್ಯದೆಲೆ ತೆಗೆದುಕೊಂಡು, ಅಂಗಿಯೊಳಗೆ ಕವರುಗಳ ಕಟ್ಟು ಇಟ್ಟುಕೊಂಡು ಬಂದ. ಅವನು ಮಣಿಪಾಲದಲ್ಲಿ ಒಂದು ಹಾಸ್ಟೆಲಿನ ಮೆಸ್ಸಿನಲ್ಲಿ ಬಡಿಸುವ ಕೆಲಸಕ್ಕಿದ್ದ. ಹೊರದೇಶಗಳಿಂದ ಓದಲು ಬಂದ ಹುಡುಗರು ಮನೆಯ ಕಾಗದ ಓದಿಯಾದ ಮೇಲೆ ಕವರನ್ನು ಅವನಿಗೆಂದು ತೆಗೆದಿಡುತ್ತಿದ್ದರು.

ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಮಡಿಲಲ್ಲಿದ್ದ ತಡ್ಪೆಯನ್ನು, ಅಂದರೆ ಎಲೆ ಮತ್ತು ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರವನ್ನು, ಬದಿಗಿಟ್ಟು ಬೋಗುಣಿಯಲ್ಲಿ ನೀರು ತಂದೆ. ಸ್ಟಾಂಪು ಇರುವ ಮೂಲೆಯನ್ನು ಕವರಿನಿಂದ ಕತ್ತರಿಸಿ ನೀರಿಗೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅಂಟು ಕರಗಿ ಸ್ಟಾಂಪು ತಾನಾಗಿ ತೇಲಿ ಬರುತ್ತದೆ. ಎಷ್ಟು ಸಲ ನೋಡಿದರೂ ಆ ಗಳಿಗೆಗೆ ನಾವಿಬ್ಬರೂ ಮಾತು ನಿಲ್ಲಿಸುತ್ತಿದ್ದೆವು.

ಅಮ್ಮ ಮಾತ್ರ ನಿಲ್ಲಿಸುತ್ತಿರಲಿಲ್ಲ. ಅಕ್ಕಿ ತೊಳೆಯುವ ಬೋಗುಣಿಯಲ್ಲಿ ಯಾರ್ಯಾರೋ ನೆಕ್ಕಿ ಅಂಟಿಸಿದ್ದನ್ನು ನೆನೆಸುತ್ತೀರಿ, ಊರೂರಿನ ಎಂಜಲು ಎಂದು ಒಳಗಿನಿಂದ ಬೈದರು.

"ಇದು ಮಲೇಶಿಯಾದ ಎಂಜಲು ಅಮ್ಮ, ವಿಮಾನದಲ್ಲಿ ಬಂದದ್ದು," ಅಂದ ಅಣ್ಣ.

"ವಿಮಾನದಲ್ಲಿ ಬಂದರೆ ಎಂಜಲು ಎಂಜಲು ಅಲ್ವಾ?"

ಅಂದು ಮಟ್ಟುಗುಳ್ಳ ಬದನೆ ಹಾಕಿದ ಒಣಸಿಗಡಿ ಸಾರು ಮಾಡಿದ್ದರು. ಅವನು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮೈ ಭಾರ ಆಗ್ತದೆ ಅಂದ. ನಾಲ್ಕು ಗಂಟೆಯ ಬಸ್ಸಿಗೆ ಹೊರಟ. ಒದ್ದೆ ಸ್ಟಾಂಪುಗಳನ್ನು ಹಳೆಯ ಪೇಪರಿನ ಮೇಲೆ ಬೋರಲು ಹಾಕಿ ಒಣಗಿಸಲು ನನಗೆ ಹೇಳಿ ಹೋದ. ಮಣಿಪಾಲ ತಲುಪಿದ ಮೇಲೆ ಜ್ವರ ಏರಿತು, ಮೆದುಳಿಗೆ ಹೋಯಿತು ಎಂದರು ಡಾಕ್ಟರು. ಎಂಟನೆಯ ದಿನ ಅವನು ಇರಲಿಲ್ಲ. ಅವನಿಗೆ ಇಪ್ಪತ್ತೇಳು ತುಂಬಿರಲಿಲ್ಲ.

ಇದನ್ನು ಬರೆಯುತ್ತಿರುವುದು ಅವನ ಸಾವಿನ ಬಗ್ಗೆ ಹೇಳಲಿಕ್ಕೆ ಅಲ್ಲ. ನನ್ನ ಕೈಯಿಂದ ಅವನ ಸ್ಟಾಂಪುಗಳಿಗೆ ಒಂದು ಕೆಲಸ ಆಗಿತ್ತು. ಅದಕ್ಕೆ ಅವನು ಏನು ಮಾಡಿದ ಎಂಬುದು ಅವನು ಹೋದ ಮೇಲೆ ನನಗೆ ತಿಳಿಯಿತು. ಅಂದು ಹುಟ್ಟಿದ ಆಶ್ಚರ್ಯ ಇನ್ನೂ ಮುಗಿದಿಲ್ಲ.

ನಮ್ಮ ಮನೆಗೆ ಬಂದ ಮೊದಲ ಸ್ಟಾಂಪು ಪಕ್ಕದ ಮನೆಯ ಕ್ರಿಶ್ಚಿಯನ್ ಬಾಯಮ್ಮ ಕೊಟ್ಟದ್ದು. ಅವರ ಗಂಡ ಗಲ್ಫಿನಲ್ಲಿದ್ದರು. ಅಣ್ಣ ಆಗ ಏಳನೇ ಕ್ಲಾಸು, ನಾನು ನಾಲ್ಕನೆಯದು. ಸ್ಟಾಂಪಿನ ಮೇಲೆ ಚಂದ್ರನ ನೆಲ, ಬಿಳಿ ಉಡುಪಿನ ಮನುಷ್ಯ, ಅವನ ಹಿಂದೆ ಕಪ್ಪು ಆಕಾಶ. ಇಷ್ಟೆಲ್ಲ ನನ್ನ ಎರಡು ಬೆರಳಿನ ಅಗಲದ ಕಾಗದದಲ್ಲಿ. ಕೆಳಗೆ ಅರಬ್ ಅಕ್ಷರ. ಚಂದ್ರನಿಗೆ ಹೋದವರು ಅಮೆರಿಕದವರು ಅಂತ ಟೀಚರ್ ಹೇಳಿದ್ದರು, ಅರಬರು ಎಂತಕ್ಕೆ ಸ್ಟಾಂಪು ಮಾಡಿದ್ದು ಎಂದು ನಾನು ಕೇಳಿದೆ.

"ಅಲ್ಲಿಗೂ ಚಂದ್ರ ಕಾಣ್ತಾನಲ್ಲ," ಅಂದ.

ಆ ಉತ್ತರ ನನಗೆ ಸಾಕಾಯಿತು. ಈಗಲೂ ಸಾಕು ಅನ್ನಿಸುತ್ತದೆ.

ಅಪ್ಪ ತೀರಿಕೊಂಡ ಮೇಲೆ ಅಣ್ಣ ಒಂಬತ್ತನೆಯದಕ್ಕೇ ಶಾಲೆ ಬಿಟ್ಟು ಮಣಿಪಾಲಕ್ಕೆ ಹೋದ. ನಾನು ಏಳು ಮುಗಿಸಿ ಬೀಡಿಗೆ ಕೂತೆ. ಅವನು ನೋಡಿದ ಊರು ಎಂದರೆ ಉಡುಪಿ, ಮಣಿಪಾಲ. ನನ್ನದು ಕಟ್ಟಿದ ಬೀಡಿ ಕೊಡುವ ಕಾಪುವಿನ ಬ್ರಾಂಚಿನವರೆಗಿನ ದಾರಿ. ಆದರೆ ಭಾನುವಾರ ಬೋಗುಣಿಯ ಸುತ್ತ ಕೂತರೆ ಕೀನ್ಯಾದ ಆನೆ, ಸಿಂಗಾಪುರದ ಹಡಗು, ಹೆಸರೇ ಬರೆಯದೆ ಬರೀ ರಾಣಿಯ ತಲೆ ಹಾಕಿಕೊಂಡ ಇಂಗ್ಲೆಂಡು, ಎಲ್ಲ ತೇಲಿ ಬರುತ್ತಿದ್ದವು. ಶಾಲೆಯ ಹಳೆಯ ಅಟ್ಲಾಸಿನಲ್ಲಿ ಆ ದೇಶ ಹುಡುಕಿ, ಅಲ್ಲಿಂದ ಕಾಪುವಿನವರೆಗೆ ಬೆರಳು ಎಳೆಯುವುದು ನನ್ನ ಕೆಲಸ. ಕಾಪು ಅಟ್ಲಾಸಿನಲ್ಲಿ ಇರಲಿಲ್ಲ. ಸಮುದ್ರ ಮುಗಿಯುವಲ್ಲಿ ಬೆರಳು ನಿಲ್ಲಿಸುತ್ತಿದ್ದೆ.

ದಿನನಿತ್ಯದ ಸ್ಟಾಂಪು ಬೇರೆ, ನೆನಪಿನ ಸ್ಟಾಂಪು ಬೇರೆ ಎಂದು ಅಣ್ಣನಿಗೆ ಹಾಸ್ಟೆಲಿನ ಹುಡುಗರು ಕಲಿಸಿದ್ದರು. ಒಂದು ಸೇತುವೆ ಮುಗಿದದ್ದಕ್ಕೆ, ಒಬ್ಬ ವಿಜ್ಞಾನಿ ಹುಟ್ಟಿ ನೂರು ವರ್ಷವಾದದ್ದಕ್ಕೆ, ಒಂದು ಹಕ್ಕಿ ಕಡಿಮೆಯಾಗುತ್ತಿದೆ ಎಂಬುದಕ್ಕೆ ಸರ್ಕಾರಗಳು ಸ್ಟಾಂಪು ಅಚ್ಚು ಹಾಕುತ್ತವೆ. ಮುಗಿದರೆ ಮತ್ತೆ ಹಾಕುವುದಿಲ್ಲ. ಅಣ್ಣನಿಗೆ ಅವೇ ಬೇಕು. ಇಷ್ಟು ದೊಡ್ಡ ದೇಶಗಳು ಇಷ್ಟು ಸಣ್ಣ ಕಾಗದದ ಮೇಲೆ ಏನನ್ನಾದರೂ ನೆನಪು ಇಡುತ್ತವೆ ಎಂಬುದನ್ನು ನನಗೆ ನಂಬಲಾಗುತ್ತಿರಲಿಲ್ಲ.

ಆಮೇಲೆ ಮಕ್ಕಳ ವರ್ಷ ಬಂತು. ಎಪ್ಪತ್ತೊಂಬತ್ತರಲ್ಲಿ ಇಡೀ ಪ್ರಪಂಚ ಮಕ್ಕಳ ಹೆಸರಿನಲ್ಲಿ ಸ್ಟಾಂಪು ತಂದಿತು. ಯಾವ ದೇಶದ್ದಾದರೂ ಮೂಲೆಯಲ್ಲಿ ಅದೇ ಗುರುತು: ದೊಡ್ಡವರೊಬ್ಬರು ಮಗುವನ್ನು ಅಪ್ಪಿಕೊಂಡಿದ್ದಾರೆ, ಸುತ್ತ ಎಲೆಗಳು. ಒಂದರ ಮಾತು ಇನ್ನೊಂದಕ್ಕೆ ಬಾರದ ದೇಶಗಳು ಒಂದೇ ಚಿತ್ರಕ್ಕೆ ಒಪ್ಪಿದ್ದನ್ನು ಮೊದಲು ಗಮನಿಸಿದ್ದು ನಾನು. ಅಣ್ಣ ಅದನ್ನು ಹಾಸ್ಟೆಲಿನಲ್ಲೆಲ್ಲ ಹೇಳಿಕೊಂಡು ಬಂದನಂತೆ, ನನ್ನ ತಂಗಿ ಕಂಡುಹಿಡಿದದ್ದು ಅಂತ. ಅಂದಿನಿಂದ ಅವನು ಮಕ್ಕಳ ವರ್ಷದ ಸ್ಟಾಂಪುಗಳ ಹಿಂದೆ ಬಿದ್ದ. ಎರಡು ವರ್ಷದಲ್ಲಿ ನಲವತ್ತು ಸೇರಿಸಿದ. ಒಂದೊಂದೂ ಒಂದೊಂದು ದೇಶದ್ದು.

ಉಡುಪಿಯಲ್ಲಿ, ಕಡಿಯಾಳಿಯ ಹತ್ತಿರದ ಒಂದು ಶಾಲೆಯಲ್ಲಿ, ಸ್ಟಾಂಪು ಪ್ರದರ್ಶನ ಇಡುತ್ತಾರೆ ಎಂದು ಗೊತ್ತಾದಾಗ ಹಾಸ್ಟೆಲಿನ ಹುಡುಗರೇ ಅವನ ಹೆಸರು ಕೊಡಿಸಿದರು. ಮೆಸ್ಸಿನಲ್ಲಿ ಸಾಂಬಾರು ಬಡಿಸುವವನ ಹೆಸರು ಆರಿಸಿದ ಸ್ಟಾಂಪಿನ ಹಾಳೆ ಹಚ್ಚುವ ಬೋರ್ಡಿನ ಮೇಲೆ ಬರುತ್ತದೆ. ಅವನು ನಲವತ್ತನ್ನೂ ಒಂದು ಕವರಿನಲ್ಲಿ ಹಾಕಿ, ಹೊಸ ಆಲ್ಬಮಿನ ಜೊತೆ ನನ್ನ ಕೈಗೆ ಕೊಟ್ಟ. ನಿನ್ನ ಕೈ ಚೊಕ್ಕ, ನೀನೇ ಜೋಡಿಸು, ನೋಡುವವರು ಮೊದಲು ನೋಡುವುದು ಅಂದವನ್ನೇ ಅಂತೆ ಎಂದ.

ಬೀಡಿ ಕೆಲಸದಲ್ಲಿ ಅಂದ ಎಂದರೆ ಅಂಚು. ನೆನೆಸಿದ ಎಲೆಯ ಮೇಲೆ ಅಳತೆಯ ತಗಡು ಇಟ್ಟು, ಅದಕ್ಕೆ ಸರಿಯಾಗಿ ಕತ್ತರಿ ಓಡಿಸಬೇಕು. ಅಂಚು ಸ್ವಲ್ಪ ಹರಿದಿದ್ದರೂ ಬೀಡಿ ಸೊಟ್ಟಗಾಗುತ್ತದೆ, ಬ್ರಾಂಚಿನ ಚೆಕ್ಕರ್ ಅದನ್ನು ಎಲ್ಲರ ಎದುರು ಮುರಿದು ಬಿಸಾಡುತ್ತಾನೆ. ನನ್ನ ಬೀಡಿ ಅವನು ಮುರಿದದ್ದು ಕಡಿಮೆ. ಆ ಹೆಮ್ಮೆ ನನಗಿತ್ತು.

ಸ್ಟಾಂಪುಗಳನ್ನು ಆಲ್ಬಮಿನ ಹಾಳೆಯ ಮೇಲೆ ಹರಡಿ ನೋಡಿದೆ. ನಾಲ್ಕೂ ಬದಿಗೆ ಹಲ್ಲು ಹಲ್ಲು. ಕೆಲವು ಮುರಿದಿದ್ದವು, ಕೆಲವು ಮಡಚಿದ್ದವು. ಹತ್ತು ವರ್ಷದಿಂದ ನೋಡಿದ್ದ ಹಲ್ಲುಗಳು ಅಂದು ನನಗೆ ಚೆಕ್ಕರನ ಕಣ್ಣಿನಿಂದ ಕಂಡವು. ಹರಿದ ಅಂಚು. ಇದನ್ನು ಹೀಗೇ ಕೊಟ್ಟರೆ ಅಣ್ಣನ ಮಾನ ಹೋಗುತ್ತದೆ. ಬೀಡಿ ಕತ್ತರಿಯನ್ನು ತೊಳೆದು ಒರೆಸಿ, ಮಧ್ಯಾಹ್ನದ ಬೆಳಕಿನಲ್ಲಿ ಕೂತು, ನಲವತ್ತು ಸ್ಟಾಂಪಿನ ನಾಲ್ಕೂ ಬದಿಯ ಹಲ್ಲು ಕತ್ತರಿಸಿದೆ. ಒಂದರಲ್ಲೂ ಕತ್ತರಿ ಚಿತ್ರಕ್ಕೆ ತಾಗಲಿಲ್ಲ. ಕತ್ತರಿಸಿದ ಚೂರುಗಳನ್ನು ಎಲೆಯ ಚೂರುಗಳ ಜೊತೆ ಗುಡಿಸಿ ಒಲೆಗೆ ಹಾಕಿದೆ.

ಮುಂದಿನ ಭಾನುವಾರ ಅಣ್ಣ ಆಲ್ಬಮ್ ತೆರೆದು ಬಹಳ ಹೊತ್ತು ನೋಡಿದ. ಒಂದು ಹಾಳೆ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದ. ಹೇಗುಂಟು ಎಂದು ಕೇಳಿದೆ.

"ಎಷ್ಟು ಚೊಕ್ಕ ಮಾರಾಯ್ತಿ," ಅಂದ. "ನಿನ್ನ ಕೈಗೆ ಸಾಟಿಯೇ ಇಲ್ಲ."

ಪ್ರದರ್ಶನ ಮುಗಿಸಿ ಬಂದ ದಿನ ಅವನ ಕೈಯಲ್ಲಿ ಹೊಸ ಸ್ಟೀಲ್ ಲೋಟ ಇತ್ತು. ಬಹುಮಾನ ಅಂದ. ಎಲ್ಲರೂ ನೋಡಿದರು ಅಂದ. ಅಮ್ಮ ಅದನ್ನು ಶೆಲ್ಫಿನ ಮೇಲೆ ಇಟ್ಟು, ನೆಂಟರು ಬಂದರೆ ಮಾತ್ರ ಇಳಿಸುತ್ತಿದ್ದರು. ನಾನು ಬೀಡಿ ಬ್ರಾಂಚಿನ ಸಾಲಿನಲ್ಲಿ ನಿಂತ ಹೆಂಗಸರಿಗೆಲ್ಲ ಹೇಳಿದೆ. ಅವರಲ್ಲೊಬ್ಬಳು, ನಿನ್ನ ಅಣ್ಣನಿಗೆ ಕಾಗದದ ಚೂರಿಗೆ ಲೋಟ ಸಿಕ್ಕಿತು, ನಮಗೆ ದಿನಾ ಸಾವಿರ ಬೀಡಿಗೆ ಬೈಗುಳ ಮಾತ್ರ ಎಂದು ಚುಚ್ಚಿದಳು. ಅದೂ ನನಗೆ ಸಿಹಿಯಾಗಿಯೇ ಕೇಳಿಸಿತು. ಆಮೇಲೆ ಬಂದ ಸ್ಟಾಂಪುಗಳ ಅಂಚು ಕತ್ತರಿಸಲು ಅಣ್ಣ ಬಿಡಲಿಲ್ಲ. ನಿನಗೆ ಬೀಡಿಯದ್ದೇ ಸಾಕಷ್ಟು ಕತ್ತರಿಸಲಿಕ್ಕುಂಟು, ಇವು ಹೀಗೇ ಇರಲಿ ಎಂದ. ನನ್ನ ಮೇಲಿನ ಕನಿಕರ ಅಂದುಕೊಂಡೆ.

ಅವನು ಹೋಗಿ ಎರಡು ತಿಂಗಳಾದ ಮೇಲೆ ಆಲ್ಬಮನ್ನು ನೋಡುತ್ತಾ ಇರಲು ನನ್ನಿಂದ ಆಗಲಿಲ್ಲ. ಗೆದ್ದಲು ತಿನ್ನುವ ಮೊದಲು ತಿಳಿದವರ ಕೈಗೆ ಕೊಡಬೇಕು ಅನ್ನಿಸಿತು. ಆಲ್ಬಮಿನ ಹಿಂದಿನ ರಟ್ಟಿನ ಒಳಗೆ ಅವನ ಅಕ್ಷರದಲ್ಲಿ ಕಾರ್ಕಳದ ಒಬ್ಬ ನಿವೃತ್ತ ಮಾಸ್ಟ್ರ ವಿಳಾಸ ಇತ್ತು. ಒಂದು ದಿನ ಬೀಡಿ ಬಿಟ್ಟು, ಶಿರ್ವ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು.

ಮಾಸ್ಟ್ರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ಎಪ್ಪತ್ತು ದಾಟಿರಬಹುದು. ನಾನು ಯಾರು ಎಂದು ಹೇಳಿದೆ, ಅಣ್ಣ ಇಲ್ಲ ಎಂದೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಆಲ್ಬಮ್ ತೆರೆದರು. ಮಕ್ಕಳ ವರ್ಷದ ಹಾಳೆ ಬಂದಾಗ ಅದನ್ನು ಮೊದಲೇ ನೋಡಿದವರ ಹಾಗೆ ತಲೆ ಅಲ್ಲಾಡಿಸಿದರು. ಇದಕ್ಕೇ ಬಹುಮಾನ ಬಂದದ್ದು ಎಂದು ನಾನು ಹೇಳಿದೆ.

ಅವರು ಎದ್ದು ತಮ್ಮ ಪೆಟ್ಟಿಗೆಯಿಂದ ಒಂದು ಸ್ಟಾಂಪನ್ನು ಚಿಮಟದಲ್ಲಿ ಹಿಡಿದು ತಂದು, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಹಲ್ಲುಗಳು ಒಂದೊಂದೂ ದುಂಡಗೆ, ತುದಿಯಲ್ಲಿ ಹತ್ತಿಯ ಎಳೆಯಂಥ ನಾರು. ಅಚ್ಚಾದಾಗ ಇವೆಲ್ಲ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇರುತ್ತವೆ, ಬಿಡಿಸುವಾಗ ತೂತಿನ ಸಾಲಿನಲ್ಲಿ ಹರಿದು ಈ ಹಲ್ಲು ಉಳಿಯುತ್ತದೆ, ಹಲ್ಲು ಪೂರ್ತಿ ಇದ್ದರೆ ಮಾತ್ರ ಸ್ಟಾಂಪು ಪೂರ್ತಿ ಎಂದು ಅವರು ಶಾಲೆಯಲ್ಲಿ ಹೇಳುವ ಹಾಗೆ ಮೆಲ್ಲಗೆ ಹೇಳಿದರು. ಪ್ರದರ್ಶನದ ದಿನ ಬಂದ ಆಲ್ಬಮುಗಳನ್ನು ನೋಡಿ ಆರಿಸುವವರು ಅವರೇ ಆಗಿದ್ದರಂತೆ. ಅಣ್ಣನದನ್ನು ಬೋರ್ಡಿಗೆ ಹಾಕಲು ಆಗಲಿಲ್ಲ. ಇಷ್ಟು ಒಳ್ಳೆಯ ಸಂಗ್ರಹವನ್ನು ಯಾರು ಹೀಗೆ ಹಾಳು ಮಾಡಿದ್ದು ಎಂದು ಅವರು ಜೋರಾಗಿಯೇ ಕೇಳಿದರಂತೆ.

"'ನಾನೇ ಸರ್, ಚಂದ ಕಾಣಲಿ ಅಂತ,' ಅಂದ ನಿಮ್ಮ ಅಣ್ಣ," ಎಂದರು ಮಾಸ್ಟ್ರು. "ಆದರೆ ನಾನು ಬೀಡಿ ಕಟ್ಟುವವರ ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವ. ಈ ಕತ್ತರಿ ಯಾರ ಕೈಯದ್ದು ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು."

"ನಾನು ಕತ್ತರಿಸಿದ್ದು," ಅಂದೆ. ಅಲ್ಲಿಯವರೆಗೆ ಹೆಮ್ಮೆಯಿಂದ ಹೇಳುತ್ತಿದ್ದ ಮಾತನ್ನು ತಪ್ಪು ಎಂದು ತಿಳಿದು ಹೇಳಿದ್ದು ಅದೇ ಮೊದಲು.

"ಗೊತ್ತುಂಟು," ಅಂದರು.

ಅವರ ಮನೆಯವರು ಕಾಫಿ ತಂದಿಟ್ಟರು. ಮಾಸ್ಟ್ರು ಮುಂದುವರಿಸಿದರು. ಪ್ರದರ್ಶನದ ದಿನ ಅಣ್ಣ ಸಂಜೆಯವರೆಗೂ ಆ ಶಾಲೆಯ ಹಾಲಿನಲ್ಲಿ ಬೇರೆಯವರ ಬೋರ್ಡುಗಳ ಮುಂದೆ ನಿಂತು ಒಂದೊಂದಾಗಿ ನೋಡಿದನಂತೆ. ಆಮೇಲೆ ಪೇಟೆಯಲ್ಲಿ ಲೋಟ ಕೊಂಡಿರಬೇಕು. ಬಸ್ಸಿನಲ್ಲಿ ಕಾಪುವಿನವರೆಗೆ ಅದನ್ನು ಹಿಡಿದು ಕೂತವನ ಮುಖ ಹೇಗಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜಗಲಿ ಹತ್ತುವಾಗ ಅವನು ನಗುತ್ತಿದ್ದ. ಅದು ಮಾತ್ರ ನಾನು ಕಂಡದ್ದು.

ಮಾಸ್ಟ್ರು ಇನ್ನೂ ಒಂದು ಹೇಳಿದರು. ಆ ಪ್ರದರ್ಶನದ ನಂತರ ಅಣ್ಣ ತನ್ನ ವಾರದ ನಡುವಿನ ರಜೆಯಲ್ಲಿ ಆಗಾಗ ಕಾರ್ಕಳಕ್ಕೆ ಬರುತ್ತಿದ್ದ. ಹಾಸ್ಟೆಲಿನಲ್ಲಿ ಸಿಕ್ಕ ಒಳ್ಳೊಳ್ಳೆಯ ಸ್ಟಾಂಪುಗಳನ್ನು ಕೊಟ್ಟು, ಬದಲಿಗೆ ಅದೇ ಮಕ್ಕಳ ವರ್ಷದವನ್ನು, ಹಲ್ಲಿರುವವನ್ನು, ಒಂದೊಂದಾಗಿ ಒಯ್ಯುತ್ತಿದ್ದ. ಮೂರು ವರ್ಷದಲ್ಲಿ ಮೂವತ್ತೆಂಟು ಆಗಿತ್ತು. ನಲವತ್ತೂ ಆದ ಮೇಲೆ ನಾನು ಬ್ರಾಂಚಿಗೆ ಹೋದ ಹೊತ್ತು ನೋಡಿ ಆಲ್ಬಮಿನಲ್ಲಿ ಬದಲಾಯಿಸಿ ಇಡುವುದು ಅವನ ಯೋಚನೆ. ತಂಗಿಗೆ ಗೊತ್ತಾದರೆ ಏನು ಹೇಳುತ್ತೀ ಎಂದು ಮಾಸ್ಟ್ರು ಕೇಳಿದ್ದರಂತೆ.

"'ಮಕ್ಕಳಲ್ವಾ ಸರ್, ಹಲ್ಲು ಬಂತು ಅಂತ ಹೇಳ್ತೇನೆ,' ಅಂದ."

ಹೇಳಿ ಅವರು ಕಿಟಕಿಯ ಕಡೆ ನೋಡಿದರು. ನಾನು ಆಲ್ಬಮನ್ನು ಅವರಿಗೆ ಕೊಡದೆ ವಾಪಸ್ಸು ತಂದೆ. ಅವರೂ ಕೇಳಲಿಲ್ಲ.

ನಾನು ಹೆಚ್ಚು ಓದಿಲ್ಲ. ಚಂದ್ರನ ಮೇಲೆ ಇಳಿದದ್ದು, ಸಮುದ್ರಕ್ಕೆ ಸೇತುವೆ ಕಟ್ಟಿದ್ದು, ಇವೆಲ್ಲ ದೊಡ್ಡವು, ಅದಕ್ಕೆ ಸ್ಟಾಂಪು ಮಾಡುತ್ತಾರೆ, ಸರಿ. ಆದರೆ ಒಬ್ಬ ಮನುಷ್ಯ ಮೂರು ವರ್ಷ, ಭಾನುವಾರ ತಪ್ಪದೆ ನನ್ನ ಎದುರು ಕೂತು, ಅದೇ ಬೋಗುಣಿಗೆ ಕೈ ಹಾಕಿ, ಒಂದು ಸಲವೂ ಮುಖದಲ್ಲಿ ತೋರಿಸದೆ ಇದ್ದನಲ್ಲ, ಅದನ್ನು ಎಲ್ಲಿ ಇಡುವುದು ಎಂದು ನನಗೆ ತಿಳಿಯುವುದಿಲ್ಲ.

ಮಣಿಪಾಲಕ್ಕೆ ಹೋಗಿ ಆ ಸ್ಟಾಂಪುಗಳ ಬಗ್ಗೆ ಹಾಸ್ಟೆಲಿನವರನ್ನು ಕೇಳಿದೆ. ಅವನ ಟ್ರಂಕು ಮೊದಲೇ ಮನೆಗೆ ಬಂದಿತ್ತು. ಅದರ ಅಡಿಯ ಕಾಗದವನ್ನೂ ಎತ್ತಿ ನೋಡಿದ್ದೇನೆ. ಅವನ ಜೊತೆ ಕೋಣೆಯಲ್ಲಿದ್ದವನು ಕುಂದಾಪುರದ ಕಡೆಯವನು, ಅವನಿಗೂ ಬರೆದೆ. ಒಂದು ಬಿಳಿ ಕವರನ್ನು ಅಣ್ಣ ಹಾಸಿಗೆಯ ಕೆಳಗೆ ಇಡುತ್ತಿದ್ದದ್ದು ನೆನಪುಂಟು, ಆಮೇಲೆ ನೋಡಿಲ್ಲ ಎಂದು ಉತ್ತರ ಬರೆದ. ಹಲ್ಲಿರುವ ಆ ಮೂವತ್ತೆಂಟು ಸ್ಟಾಂಪುಗಳು ಇವತ್ತಿನವರೆಗೂ ಸಿಕ್ಕಿಲ್ಲ.